ಮೈದಾ ನುಸುಳದ ಬಟ್ಟೆ

ಸಂಸೆ
5 ಫೆಬ್ರವರಿ 2025

ಈ ಕಾಗದ ಒಡೆದು ಓದುತ್ತಿರುವವರು ಯಾರೇ ಆಗಿರಲಿ, ಮೊದಲು ಲಕೋಟೆಯ ಮೇಲಿನ ಹೆಸರನ್ನು ಇನ್ನೊಮ್ಮೆ ನೋಡಿ. ಅಲ್ಲಿ ರುಮಾನಾ ಅಂತ ಬರೆದಿದೆ. ನೀವು ರುಮಾನಾ ಅಲ್ಲದಿದ್ದರೆ ನಿಮಗೆ ನಾಚಿಕೆಯಾಗಬೇಕು. ಬೇರೆಯವರ ಕಾಗದ ಓದುವುದೂ ಒಂದೇ, ಬೇರೆಯವರ ಒಲೆಯ ಮೇಲಿನ ಪಾತ್ರೆಯ ಮುಚ್ಚಳ ತೆಗೆದು ಮೂಸುವುದೂ ಒಂದೇ. ಮಡಚಿಟ್ಟು ನಿಮ್ಮ ಕೆಲಸಕ್ಕೆ ಹೋಗಿ.

ನೀನು ರುಮಾನಾಳೇ ಆಗಿದ್ದರೆ ನಿನಗೆ ಅದಕ್ಕಿಂತ ಹೆಚ್ಚು ನಾಚಿಕೆಯಾಗಬೇಕು. ಮದುವೆಯಾಗಿ ಈ ಅಜ್ಜಿಯನ್ನು ಬಿಟ್ಟು ಆಲ್ದೂರಿಗೆ ಹೋಗಿ ಹದಿನೇಳು ದಿನವಾಯಿತು. ಫೋನ್ ಮಾಡಿದ್ದೆನಲ್ಲ ದಾದಿ ಅನ್ನಬೇಡ. ಸ್ಪೀಕರ್ ಹಾಕಿಕೊಂಡು ಅಡುಗೆಮನೆಯಲ್ಲಿ ನಿಂತು 'ಎಲ್ಲಾ ಆರಾಮ್ ದಾದಿ' ಅಂದಿದ್ದನ್ನು ನಾನು ಮಾತು ಅನ್ನುವುದಿಲ್ಲ. ನಿನ್ನ ಹಿಂದೆ ನಿಮ್ಮತ್ತೆಯ ಬಳೆಗಳ ಸದ್ದು ಕೇಳುತ್ತಿತ್ತು. ಅದಕ್ಕೇ ಕಾಗದ. ನಾಲ್ಕನೇ ಕ್ಲಾಸಿನ ತನಕ ಮೇಷ್ಟ್ರು ಕಿವಿ ಹಿಂಡಿ ಕಲಿಸಿದ ಅಕ್ಷರ ಇನ್ಯಾವ ಕೆಲಸಕ್ಕೆ ಬರಬೇಕು?

ನಿನ್ನ ಹೊಲಿಗೆ ಮೆಷಿನ್ ಗಂಡ ಸತ್ತು ಇದ್ದತ್ ಹಿಡಿದ ಹೆಂಗಸಿನ ಹಾಗೆ ಮುಸುಕು ಹಾಕಿಕೊಂಡು ಮೂಲೆಯಲ್ಲಿ ಕೂತಿದೆ. ಕಳಿಸಿ ಅಂತ ನೀನು ಒಮ್ಮೆಯೂ ಹೇಳಲಿಲ್ಲ. ಯಾಕೆ?

ನಿನ್ನೆ ಹೋಂಸ್ಟೇ ದೀಪಶ್ರೀ ಬಂದಿದ್ದಳು. ಹೋದ ಮಳೆಗಾಲದಲ್ಲಿ ನೀನು ಹೊಲಿದುಕೊಟ್ಟ ಐವತ್ತು ಜೊತೆ ಉಂಬಳದ ಕಾಲುಚೀಲ ಇದೆಯಲ್ಲ, ಅದನ್ನು ಮೊಣಕಾಲ ತನಕ ಎಳೆದು ಕಟ್ಟಿಕೊಂಡು ಗುಡ್ಡ ಹತ್ತಿದ ಪೇಟೆಯ ಮಕ್ಕಳಲ್ಲಿ ಒಬ್ಬರ ಕಾಲಿಗೂ ರಕ್ತ ಹೀರುವ ಉಂಬಳ ಹತ್ತಲಿಲ್ಲವಂತೆ. "ಅಜ್ಜಿ, ಈ ಸಲ ಮುನ್ನೂರು ಜೊತೆ ಬೇಕು. ಜೂನ್ ಒಂದಕ್ಕೆ ನನ್ನ ಕೈಯಲ್ಲಿರ್ಬೇಕು. ರುಮಾನಾ ಹೊಲಿಯೋದಾದ್ರೆ ಮಾತ್ರ. ಇಲ್ಲಾಂದ್ರೆ ಬೆಂಗಳೂರಿಂದ ರೆಡಿಮೇಡ್ ತರಿಸ್ತೀನಿ," ಅಂದಳು. ನೋಡೋಣ ಅಂದಿದ್ದೇನೆ.

ಅವಳು ಒಮ್ಮೆ ರೆಡಿಮೇಡ್ ತರಿಸಿದಳೋ, ಮತ್ತೆ ನಿನ್ನ ಬಾಗಿಲಿಗೆ ಬರುವುದಿಲ್ಲ. ಮೂರು ವರ್ಷ ಕೂತು ಕಟ್ಟಿದ ವ್ಯಾಪಾರ. ನಿಕಾಹ್‌ನಲ್ಲಿ ನೀನು 'ಕುಬೂಲ್' ಅಂದಿದ್ದು ಇಲಿಯಾಸನಿಗೆ, ವ್ಯಾಪಾರ ಮುಚ್ಚುವುದಕ್ಕಲ್ಲ. ಉತ್ತರ ಬರೆ.

ನಿನ್ನ ದಾದಿ,
ಜೈತುನ್‌ಬಿ


ಆಲ್ದೂರು
12 ಫೆಬ್ರವರಿ 2025

ಪ್ರೀತಿಯ ದಾದಿಗೆ ಅಸ್ಸಲಾಮು ಅಲೈಕುಂ.

ಬೈಗುಳ ತಲುಪಿತು. ಅದು ಬಂದ ಮೇಲೆ ನಿಜಕ್ಕೂ ಊರಿನ ನೆನಪಾಯಿತು.

ಇಲ್ಲಿ ಬಿಡುವೇ ಇಲ್ಲ. ಮದುವೆಯಾದ ಮೇಲಿನ ಐದು ಶುಕ್ರವಾರ ಜುಮ್ಮಗಿ ಊಟ ಅಂತ ಒಬ್ಬೊಬ್ಬ ನೆಂಟರ ಮನೆಗೆ ಮದುಮಕ್ಕಳನ್ನು ಕರೆಯುತ್ತಾರಲ್ಲ, ಮೂರು ಮುಗಿದವು. ಹೋದಲ್ಲೆಲ್ಲ ನನ್ನ ತಟ್ಟೆಗೆ ಇಬ್ಬರ ಪಾಲು ಹಾಕುತ್ತಾರೆ. ಇಲಿಯಾಸ್ ಎರಡನೇ ವಾರವೇ ಪ್ಯಾಂಟಿನ ಗುಂಡಿ ಹಿಂದೆ ಸರಿಸಿ ಹಾಕಿಕೊಡು ಅಂದರು. ಸೂಜಿ ಹಿಡಿದದ್ದು ಅಷ್ಟೇ. ಕೊನೆಯ ಜುಮ್ಮಗಿ ಇಪ್ಪತ್ತೊಂದಕ್ಕೆ ನಮ್ಮ ಮನೆಯಲ್ಲೇ.

ಮೆಷಿನ್ ಸದ್ಯಕ್ಕೆ ಅಲ್ಲೇ ಇರಲಿ ದಾದಿ. ದೀಪಶ್ರೀ ಅಕ್ಕನಿಗೆ ರಂಜಾನ್ ಕಳೆದ ಮೇಲೆ ಹೇಳುತ್ತೇನೆ ಅನ್ನಿ. ಈಗ ಅತ್ತೆಗೆ ನಾನು ಬೇಕಾಗಿದ್ದೇನೆ. ಯಾಕೆ ಅಂತ ಬರೆಯಲಾರೆ. ನೀವು ತಪ್ಪು ತಿಳಿಯಬೇಡಿ.

ನಿಮ್ಮ
ರುಮಾನಾ


ಸಂಸೆ
18 ಫೆಬ್ರವರಿ 2025

ರುಮಾನಾ,

'ಅತ್ತೆಗೆ ನಾನು ಬೇಕಾಗಿದ್ದೇನೆ, ಯಾಕೆ ಅಂತ ಬರೆಯಲಾರೆ.' ಈ ಎರಡು ಸಾಲು ಓದಿದ ಮೇಲೆ ನನಗೆ ಇನ್ನೇನೂ ಓದಬೇಕಾಗಿಲ್ಲ. ಅರವತ್ತೊಂಬತ್ತು ವರ್ಷದಲ್ಲಿ ಎಷ್ಟು ಸೊಸೆಯರನ್ನು ನೋಡಿಲ್ಲ ನಾನು. ಹೋಗುವಾಗ ಮೆಹಂದಿ ಕೈ, ಒಂದು ತಿಂಗಳಿಗೆ ಮಸಿ ಕೈ. ಬಾಯಿಗೂ ಬೀಗ ಹಾಕಿದ್ದಾರೆ ಅಂತ ಆಯಿತು.

ಮನೆಗೆಲಸ ಮಾಡಬೇಡ ಅಂತ ನಾನು ಅನ್ನುವುದಿಲ್ಲ. ನಾನು ನಿನ್ನ ಅಬ್ಬಾನನ್ನು ತೊಡೆಯ ಮೇಲೆ ಮಲಗಿಸಿಕೊಂಡೇ ಎಸ್ಟೇಟಿನ ಆಳುಗಳಿಗೆ ಕಾಲುಚೀಲ ಹೊಲಿದೆ. ಅವನು ಮೆಷಿನ್ ತುಳಿಯುವ ಸದ್ದಿಲ್ಲದೆ ನಿದ್ದೆಯೇ ಮಾಡುತ್ತಿರಲಿಲ್ಲ. ಪೈಗಂಬರರ ಮನೆಯವರು ಬೀಬಿ ಖದೀಜಾ ವ್ಯಾಪಾರ ಮಾಡಿದವರು, ಮನೆ ನಡೆಸಿದವರು, ಮಕ್ಕಳನ್ನೂ ಸಾಕಿದವರು. ಅವರಿಗೆ ಯಾರೂ ಬೇಡ ಅನ್ನದ ಕೆಲಸವನ್ನು ಆಲ್ದೂರಿನ ನಿಮ್ಮತ್ತೆ ಹಾಜಿರಾಬಿ ಬೇಡ ಅನ್ನುವುದಾದರೆ ನಿಮ್ಮತ್ತೆ ಅಷ್ಟು ದೊಡ್ಡವರು ಅಂತ ನನಗೆ ಗೊತ್ತಿರಲಿಲ್ಲ.

ನೀನು ಕೇಳುವುದಿಲ್ಲ, ನಾನೇ ಕಳಿಸುತ್ತೇನೆ. ಈ ಶುಕ್ರವಾರ ಬೆಳಗಿನ ಬಸ್ಸಿನಲ್ಲಿ ಕಂಡಕ್ಟರ್ ಕಲ್ಲೇಶನ ಡ್ಯೂಟಿ. ಅವನು ನಂಬಿಗಸ್ತ. ಮೆಷಿನ್ ಅವನ ಕೈಯಲ್ಲಿ ಕೊಡುತ್ತೇನೆ, ಈ ಕಾಗದವೂ ಅದರ ಜೊತೆಗೇ. ನಿಮ್ಮ ಮನೆ ಬಸ್‌ಸ್ಟ್ಯಾಂಡಿನ ಹಿಂದೆಯೇ ಇದೆಯಲ್ಲ, ಒಳಗೆ ತಂದು ಇಡು ಅಂತ ಹೇಳಿದ್ದೇನೆ. ಇಟ್ಟ ದಿನವೇ ತುಳಿಯಲು ಶುರು ಮಾಡು.

ದಾದಿ


ಆಲ್ದೂರು
24 ಫೆಬ್ರವರಿ 2025

ಜೈತುನ್ ಖಾಲಾ ಅವರಿಗೆ ರುಮಾನಾಳ ಅತ್ತೆ ಹಾಜಿರಾ ಮಾಡುವ ಸಲಾಮ್.

ನಿಮ್ಮ ಮೊದಲ ಕಾಗದ ಒಡೆದವಳು ನಾನೇ. ಕರೆಂಟ್ ಬಿಲ್ ಅಂದುಕೊಂಡು ಒಡೆದೆ. ಪಾತ್ರೆಯ ಮುಚ್ಚಳದ ಮಾತು ಓದಿ ಮಡಚಿಟ್ಟೆ. ಆಮೇಲಿನದು ಓದಿಲ್ಲ. ಓದಲು ಆಗುತ್ತಲೂ ಇರಲಿಲ್ಲ ಅನ್ನಿ, ನಿಮ್ಮ ಅಕ್ಷರಗಳು ಗೆರೆ ಬಿಟ್ಟು ಗದ್ದೆಗೆ ನುಗ್ಗಿದ ಎಮ್ಮೆಗಳ ಹಾಗೆ ಓಡುತ್ತವೆ. ನಾನು ಏಳನೇ ಕ್ಲಾಸು ಪಾಸಾದವಳು, ನನಗೇ ಕಷ್ಟವಾಯಿತು.

ನಿಮ್ಮ ಮೆಷಿನ್ ಬಂತು. ಹೇಗೆ ಬಂತು ಅಂತಲೂ ತಿಳಿಯಿರಿ.

ಶುಕ್ರವಾರ ನಮಾಜ್ ಮುಗಿಸಿ ಗಂಡಸರು ಬಂದಿದ್ದರು. ಕೊನೆಯ ಜುಮ್ಮಗಿ, ಐವತ್ತು ಜನ ನೆಂಟರು. ಊಟಕ್ಕೆ ದಸ್ತರ್‌ಖಾನ್ ಹಾಸಿ ಬಿರಿಯಾನಿಯ ಹಂಡೆಯ ಬಾಯಿ ತೆಗೆದಿದ್ದೇನೆ ಅಷ್ಟೇ, ಖಾಕಿ ಅಂಗಿಯ ಮನುಷ್ಯ ಒಬ್ಬ ತಲೆಯ ಮೇಲೆ ಮೆಷಿನ್ ಹೊತ್ತು ಒಳಗೆ ಬಂದ. "ಸಂಸೆ ಅಜ್ಜಿ ಕಳ್ಸಿದ್ದು! ಇವತ್ತೇ ಹೊಲಿಯೋಕೆ ಕೂರ್ಬೇಕಂತೆ ಸೊಸೆ!" ಅಂತ ಕೂಗಿದ. ಹೊರಗೆ ಬಸ್ಸು ಹಾರ್ನ್ ಹೊಡೆಯುತ್ತಿತ್ತು. ಒಳಗೆ ಐವತ್ತು ತಲೆ ನನ್ನ ಕಡೆ ತಿರುಗಿದವು. ಆಮೇಲೆ ನಮ್ಮ ಯಜಮಾನರ ಅಕ್ಕ ಇದ್ದಾರಲ್ಲ, ಅವರು ಎಲೆಅಡಿಕೆ ಜಗಿಯುತ್ತಾ, "ಎಂತ ಹಾಜಿರಾ, ಹುಡ್ಗಿ ಹೊಲ್ದು ದುಡಿದ್ರೇ ನಿಮ್ಮನೇಲಿ ಒಲೆ ಹತ್ತೋದಾ?" ಅಂದರು.

ಹೊಸ ಸೊಸೆಯ ಬೆನ್ನಿಗೇ ಹೊಲಿಗೆ ಮೆಷಿನ್ ಕಳಿಸಿದರೆ ನಾಲ್ಕು ಜನ ಏನು ತಿಳಿಯುತ್ತಾರೆ ಅಂತ ನಿಮಗೆ ಹೊಳೆಯಲಿಲ್ಲವೇ ಖಾಲಾ? ಮಸೀದಿ ಬೀದಿಯಲ್ಲಿ ಈಗ ಅದೇ ಮಾತು. ಇಲಿಯಾಸನ ಕಾಫಿ ಪಲ್ಪರ್ ಯಂತ್ರಗಳ ರಿಪೇರಿ ಅಂಗಡಿ ಮುಚ್ಚಿಹೋಯಿತಂತೆ ಅಂತಲೂ ಸುದ್ದಿ ಹಬ್ಬಿದೆ.

ನಾನು ನಿಮ್ಮ ಮೊಮ್ಮಗಳಿಗೆ ಹೊಲಿಯಬೇಡ ಅಂದವಳಲ್ಲ. ಅದಕ್ಕಿಂತ ಹೆಚ್ಚು ಹೇಳುವುದಿಲ್ಲ. ಮೆಷಿನ್ ಮೇಲೆ ಬಟ್ಟೆ ಹೊದಿಸಿದ್ದೇನೆ.

ಹಾಜಿರಾಬಿ


ಸಂಸೆ
1 ಮಾರ್ಚ್ 2025

ಹಾಜಿರಾಬಿಯವರಿಗೆ ಸಲಾಮ್.

ನಾಳೆಯಿಂದ ರೋಜಾ. ಮನಸ್ಸಿನಲ್ಲಿ ಕಸ ಇಟ್ಟುಕೊಂಡು ಉಪವಾಸ ಹಿಡಿಯಬಾರದು, ಅದಕ್ಕೆ ಇವತ್ತೇ ಬರೆಯುತ್ತಿದ್ದೇನೆ. ಆ ಶುಕ್ರವಾರ ನಿಮ್ಮ ಮನೆಯ ಜುಮ್ಮಗಿ ಅಂತ ಹುಡುಗಿ ಬರೆದಿದ್ದಳು. ನಾನು ಕಲ್ಲೇಶನ ಡ್ಯೂಟಿಯೊಂದನ್ನೇ ನೋಡಿದೆ. ತಪ್ಪು ನನ್ನದು. ಒಮ್ಮೆ ಬರೆದಿದ್ದೇನೆ, ಇನ್ನೊಮ್ಮೆ ಬರೆಯುವುದಿಲ್ಲ, ಚೆನ್ನಾಗಿ ಓದಿಕೊಳ್ಳಿ.

ಅಂಗಡಿ ಮುಚ್ಚಿಹೋಯಿತು ಅಂದವರಿಗೆ ಹೇಳಿ, ಹುಡುಗಿಯ ದಾದಿಗೆ ತಲೆ ಸರಿಯಿಲ್ಲ ಅಂತ. ನಂಬುತ್ತಾರೆ. ಮದುವೆಯಲ್ಲಿ ಎಲ್ಲರೂ ನನ್ನನ್ನು ನೋಡಿದ್ದಾರೆ.

ಆದರೆ ಬೀಗಿತ್ತಿಯವರೇ, ಹೊಲಿಯಬೇಡ ಅಂದಿಲ್ಲ ಅನ್ನುತ್ತೀರಿ, ಹುಡುಗಿಯೋ ಹೊಲಿಯುತ್ತಿಲ್ಲ. ಅವಳನ್ನು ಕೇಳಿದರೆ ಬರೆಯಲಾರೆ ಅನ್ನುತ್ತಾಳೆ, ನಿಮ್ಮನ್ನು ಕೇಳಿದರೆ ಹೆಚ್ಚು ಹೇಳುವುದಿಲ್ಲ ಅನ್ನುತ್ತೀರಿ. ಕುಂಬಳಕಾಯಿ ಎಲ್ಲಿದೆ ಅಂತ ಗೊತ್ತಿಲ್ಲ, ಇಬ್ಬರೂ ಹೆಗಲು ಮುಟ್ಟಿಕೊಳ್ಳುತ್ತೀರಿ.

ಅಕ್ಷರದ ಮಾತು ಬೇಡ. ಎಮ್ಮೆಯಾದರೂ ಹಾಲು ಕೊಡುತ್ತದೆ.

ಜೈತುನ್‌ಬಿ


ಆಲ್ದೂರು
16 ಮಾರ್ಚ್ 2025

ದಾದಿಗೆ ಸಲಾಮ್.

ಇವತ್ತು ಅತ್ತೆಯೇ "ಬರ್ದುಬಿಡು, ಆ ಮುದುಕಿ ತಲೆ ಕೆಡಿಸ್ಕೊಂಡು ಇನ್ನೇನು ಬಸ್ಸಿಗೆ ಹಾಕ್ತಾರೋ" ಅಂದರು. ಅದಕ್ಕೆ ಎಲ್ಲ ಬರೆಯುತ್ತಿದ್ದೇನೆ.

ಇಫ್ತಾರಿಗೆ ಸಮೋಸಾ ಕರಿಯುತ್ತಾರಲ್ಲ, ಅದನ್ನು ಸುತ್ತುವ ತೆಳು ಪಟ್ಟಿ, ಮೈದಾದ್ದು, ಆಲ್ದೂರಿನಿಂದ ಬಾಳೆಹೊನ್ನೂರಿನ ತನಕ ಎಷ್ಟೋ ಮನೆಗಳಿಗೆ ಇಲ್ಲಿಂದಲೇ ಹೋಗುವುದು. ಅತ್ತೆ ಇಪ್ಪತ್ತೆರಡು ವರ್ಷದಿಂದ ಮಾಡುತ್ತಿದ್ದಾರೆ. ಮನೆಯಲ್ಲಿ ಯಾರೂ ಅದನ್ನು ವ್ಯಾಪಾರ ಅನ್ನುವುದಿಲ್ಲ. ಮಾವ "ನಿಮ್ಮತ್ತೆ ಟೈಂಪಾಸ್" ಅನ್ನುತ್ತಾರೆ. ಆ ಟೈಂಪಾಸಿನಲ್ಲೇ ಇಲಿಯಾಸರ ಅಂಗಡಿಯ ಮೊದಲ ಲೇತ್ ಯಂತ್ರ ಬಂದದ್ದು ಅಂತ ನನಗೆ ಹೇಳಿದ್ದು ಪಕ್ಕದ ಮನೆಯ ವಸಂತಮ್ಮ.

ಡಿಸೆಂಬರಿನಿಂದ ಅತ್ತೆಯ ಬಲಗೈ ಮಣಿಕಟ್ಟು ತಿರುಗುತ್ತಿಲ್ಲ. ಲಟ್ಟಣಿಗೆ ಹಿಡಿದರೆ ಕಣ್ಣಲ್ಲಿ ನೀರು ಬರುತ್ತದೆ. ಹೊರಗೆ ಗೊತ್ತಾದರೆ ವಾಡಿಕೆಯ ಮನೆಗಳೆಲ್ಲ ಬೇರೆಯವರ ಕಡೆ ಹೋಗುತ್ತವೆ. ಮದುವೆಯಾದ ಎರಡನೇ ವಾರ ನನ್ನನ್ನು ಒಳಗೆ ಕರೆದು ಲಟ್ಟಣಿಗೆ ಕೈಗೆ ಕೊಟ್ಟು, "ಯಾರಿಗೂ ಹೇಳ್ಬೇಡ, ನಿನ್ನ ದಾದಿಗೂ" ಅಂದರು. ಅವರು ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ನಾನು ಅದೊಂದೇ ಸಲ ಕೇಳಿದ್ದು.

ಈಗ ದಿನವೂ ಅಂಗಳದಲ್ಲಿ ನಾವು ಆರು ಜನ ಹೆಂಗಸರು. ನಾನು ಲಟ್ಟಿಸುತ್ತೇನೆ, ಅತ್ತೆ ಎಡಗೈಯಲ್ಲಿ ಕಾವಲಿ ನೋಡುತ್ತಾರೆ, ಉಳಿದವರು ಬೇಯಿಸಿದ ಪದರಗಳನ್ನು ಹರಿಯದ ಹಾಗೆ ಬಿಡಿಸುತ್ತಾರೆ. ವಸಂತಮ್ಮನಿಗೆ ರೋಜಾ ಇಲ್ಲ, ಆದರೂ ನೀರು ಮುಟ್ಟುವುದಿಲ್ಲ. "ನೀವೆಲ್ಲ ಬಾಯಿ ಒಣಗಿಸ್ಕೊಂಡು ಕೂತಿರೋವಾಗ ನಾನು ಗಟಗಟ ಕುಡಿಯೋದಾ? ಗಂಟಲಲ್ಲಿ ಇಳಿಯಲ್ಲ ಮಾರಾಯ್ತಿ," ಅನ್ನುತ್ತಾರೆ.

ನನಗೆ ಹೊಲಿಯುವ ಆಸೆ ಹೋಗಿದೆ ಅಂತ ತಿಳಿಯಬೇಡಿ ದಾದಿ. ದಿನಕ್ಕೊಮ್ಮೆ ಬಟ್ಟೆ ಸರಿಸಿ, ಚಕ್ರ ಒಂದು ಸುತ್ತು ತಿರುಗಿಸಿ, ಮತ್ತೆ ಮುಚ್ಚುತ್ತೇನೆ. ಎರಡೂ ಬೇಕು ಅನ್ನಿಸುತ್ತದೆ, ಆದರೆ ದಿನ ಉದ್ದವಾಗುವುದಿಲ್ಲ. ದೀಪಶ್ರೀ ಅಕ್ಕನಿಗೆ ನನ್ನಿಂದ ಆಗುವುದಿಲ್ಲ ಅಂತ ಹೇಳಿಬಿಡಿ. ಅವರು ಬೇರೆ ಕಡೆ ತರಿಸಿಕೊಳ್ಳಲಿ.

ರುಮಾನಾ


ಸಂಸೆ
22 ಮಾರ್ಚ್ 2025

ಇದು ಇಬ್ಬರಿಗೂ. ಒಬ್ಬರು ಓದಿ, ಇನ್ನೊಬ್ಬರು ಕೇಳಿ, ಜಗಳ ಬೇಡ.

ಹೇಳಿಬಿಡಿ ಅಂದರೆ ಹೇಗೆ ಹೇಳಲಿ? ದೀಪಶ್ರೀ ಬಂದ ದಿನ ನಾನು ನೋಡೋಣ ಅನ್ನಲಿಲ್ಲ. ಹೂಂ ಅಂದೆ. ಮುನ್ನೂರಕ್ಕೂ ಹೂಂ, ಜೂನ್ ಒಂದಕ್ಕೂ ಹೂಂ. ಕಳಸಕ್ಕೆ ಹೋಗಿ ಬಟ್ಟೆಯನ್ನೂ ತಂದೆ, ಹಸಿರು ಒಂದು ಥಾನು, ಖಾಕಿ ಒಂದು ಥಾನು. ಎರಡರ ತುಂಡನ್ನೂ ಈ ಲಕೋಟೆಯಲ್ಲಿ ಇಟ್ಟಿದ್ದೇನೆ.

ನೀನು ಬಾರದಿದ್ದರೆ ನಾನೇ ಹೊಲಿಯುತ್ತೇನೆ ಅಂತ ಸೊಕ್ಕು ಇತ್ತು. ನನ್ನ ಹಳೇ ಮೆಷಿನ್ನಿನ ಮುಂದೆ ಕೂತು ಹನ್ನೆರಡು ಚೀಲ ಹೊಲಿದೆ. ಒಂಬತ್ತರ ಹೊಲಿಗೆ ಹಾವು ಹರಿದ ಹಾಗೆ. ಎರಡಕ್ಕೆ ಪಾದವೇ ಇಲ್ಲ. ಒಂದರ ಬಾಯಿಯನ್ನೇ ಮುಚ್ಚಿ ಹೊಲಿದಿದ್ದೇನೆ, ಅದರೊಳಗೆ ಉಂಬಳವೂ ಹೋಗದು, ಕಾಲೂ ಹೋಗದು.

ಕಣ್ಣಿಗೆ ಪೊರೆ ಬಂದಿದೆ. ಒಂದು ವರ್ಷವಾಯಿತು. ನಿನ್ನ ಮದುವೆಯಲ್ಲಿ ನಿನ್ನ ಮುಖ ನನಗೆ ಹೊಗೆಯೊಳಗೆ ದೀಪ ಇಟ್ಟ ಹಾಗೆ ಕಂಡಿತು. ಹೇಳಿದ್ದರೆ ನೀನು ಮದುವೆ ಮುಂದೆ ಹಾಕುತ್ತಿದ್ದೆ, ನಿನ್ನ ಅಬ್ಬಾ ನನ್ನ ಕತ್ತರಿ ಕಿತ್ತುಕೊಳ್ಳುತ್ತಿದ್ದ. ಅಕ್ಷರ ಗೆರೆ ಬಿಟ್ಟು ಓಡುವುದು ಯಾಕೆ ಅಂತ ಏಳನೇ ಕ್ಲಾಸಿನವರಿಗೆ ಈಗ ಅರ್ಥವಾಗಿರಬೇಕು.

ಹಾಜಿರಾಬಿಯವರೇ, ನಿಮ್ಮನ್ನು ನಾನು ಬೇರೆ ಏನೋ ಅಂದುಕೊಂಡಿದ್ದೆ. ಇಪ್ಪತ್ತೆರಡು ವರ್ಷ ಊರಿನ ಇಫ್ತಾರ್ ನಡೆಸಿದವರು ಅದನ್ನು ಟೈಂಪಾಸ್ ಅಂತ ಯಾಕೆ ಕರೆಯಲು ಬಿಟ್ಟಿರಿ? ನಿಮ್ಮ ಯಜಮಾನರಿಗೆ ಒಂದು ದಿನ ಒಂದು ಪದರ ಹರಿಯದ ಹಾಗೆ ಬಿಡಿಸಲು ಹೇಳಿ. ಮಣಿಕಟ್ಟಿಗೆ ಹರಳೆಣ್ಣೆ ಬಿಸಿ ಮಾಡಿ ಹಚ್ಚಿ, ಡಾಕ್ಟರಿಗೂ ತೋರಿಸಿ.

ನನ್ನ ಹೂಂ ಅನ್ನು ಹೇಗೆ ವಾಪಸ್ ತೆಗೆದುಕೊಳ್ಳುವುದು ಅಂತ ನನಗೆ ತಿಳಿಯುತ್ತಿಲ್ಲ. ನಾನು ಸುಳ್ಳಿಯಾದರೆ ಪರವಾಗಿಲ್ಲ, ಹುಡುಗಿಯ ಹೆಸರು ಹಾಳಾಗುತ್ತದೆ. ನೀವಿಬ್ಬರೂ ಕೂತು ಹೇಳಿ.

ಜೈತುನ್‌ಬಿ


ಆಲ್ದೂರು
5 ಏಪ್ರಿಲ್ 2025

ಖಾಲಾ ಅವರಿಗೆ ಸಲಾಮ್, ಈದ್ ಮುಬಾರಕ್.

ಎಮ್ಮೆಯ ಮಾತು ವಾಪಸ್ ತೆಗೆದುಕೊಂಡಿದ್ದೇನೆ. ನಾನೂ ಒಮ್ಮೆ ಮಾತ್ರ ಬರೆಯುತ್ತೇನೆ.

ಈದ್ ಮಾರನೆಯ ದಿನ ಅಂಗಳದಲ್ಲಿ ಎಲ್ಲರನ್ನೂ ಕೂರಿಸಿ ಕೇಳಿದೆ. "ರಂಜಾನ್ ಮುಗೀತು, ಪಟ್ಟಿಯ ಕೆಲಸ ಇಲ್ಲ. ನನ್ನ ಸೊಸೆ ನನ್ನ ಹೆಸರು ಉಳಿಸಿದ್ಲು. ಈಗ ಅವಳ ಹೆಸರು ಉಳಿಸೋಣ್ವಾ?" ಅಂದೆ. ವಸಂತಮ್ಮ, "ಪದರ ಬಿಡಿಸಿದ ಕೈಗೆ ಬಟ್ಟೆ ಯಾವ ಲೆಕ್ಕ?" ಅಂದಳು. ಹಾಗಾಗಿ ಹೀಗೆ ಮಾಡಿದ್ದೇನೆ. ಬೆಳಗಿನ ತಿಂಡಿ ರುಮಾನಾಳದು, ಮಧ್ಯಾಹ್ನದ ಅಡುಗೆ ನನ್ನದು. ಹನ್ನೊಂದರಿಂದ ಸಂಜೆಯ ಅಸರ್ ಅಜಾನ್ ತನಕ ಅವಳು ಮೆಷಿನ್ ಬಿಟ್ಟು ಏಳುವುದಿಲ್ಲ. ಬಾಗಿಲಿಗೆ ಯಾರೇ ಬಂದರೂ ಚಹಾ ಮಾಡುವುದು ನಾನು. ಯಜಮಾನರ ಆ ಅಕ್ಕ ಬಂದರೂ ನಾನೇ. ಉಳಿದವರು ಚೀಲದ ಬಾಯಿಗೆ ಪಟ್ಟಿ ಕಟ್ಟುವುದು, ಲಾಡಿ ಏರಿಸುವುದು. ನೀವು ಕತ್ತರಿಸಿ ಕಳಿಸಿ. ಕತ್ತರಿಸಲು ದಾರ ಪೋಣಿಸಬೇಕಾಗಿಲ್ಲ, ನಿಮ್ಮ ಹತ್ತಿರ ತಗಡಿನ ಅಚ್ಚು ಇದೆಯಂತಲ್ಲ.

ಇನ್ನೊಂದು ಮಾತು, ಬೈಯಬೇಡಿ. ನೀವು ಕಳಿಸಿದ ಎರಡೂ ಬಟ್ಟೆಯ ತುಂಡನ್ನು ನಾನು ತೊಳೆದು ಒಣಗಿಸಿದೆ. ಆಮೇಲೆ ಪಾತ್ರೆಯ ಬಾಯಿಗೆ ಬಿಗಿದು ಕಟ್ಟಿ, ಮೇಲೆ ಮೈದಾ ಹಾಕಿ ತಟ್ಟಿದೆ. ಖಾಕಿಯಲ್ಲಿ ಒಂದು ಕಣವೂ ಇಳಿಯಲಿಲ್ಲ. ಹಸಿರಿನಲ್ಲಿ ಜರಡಿ ಹಿಡಿದ ಹಾಗೆ ಉದುರಿತು. ಅಂಗಡಿಯವನು ಗಂಜಿ ಹಾಕಿದ ಬಟ್ಟೆ ಕೊಟ್ಟು ನಿಮ್ಮನ್ನು ಯಾಮಾರಿಸಿದ್ದಾನೆ. ಹಸಿದ ಉಂಬಳ ನೂಲಿಗಿಂತ ಸಣ್ಣಗಿರುತ್ತದೆ ಅಂತ ರುಮಾನಾ ಹೇಳುತ್ತಾಳೆ. ಮೈದಾ ಇಳಿಯುವಲ್ಲಿ ಅದೂ ಇಳಿಯುತ್ತದೆ. ಹಸಿರು ಥಾನನ್ನು ಇಲಿಯಾಸ್ ಮುಂದಿನ ಭಾನುವಾರ ಬಂದು ಒಯ್ದು, ಖಾಕಿಗೆ ಬದಲಾಯಿಸಿಕೊಂಡು ಬರುತ್ತಾನೆ.

ಮೇ ಕೊನೆಗೆ ನನ್ನ ಮಗಳು ಹೆರಿಗೆಗೆ ಬರುತ್ತಾಳೆ. ಅಷ್ಟರಲ್ಲಿ ಮುಗಿಯಬೇಕು.

ಹಾಜಿರಾ


ಸಂಸೆ
9 ಮೇ 2025

ಹಾಜಿರಾ,

ನಿನ್ನನ್ನು ನೀನು ಅಂದುಬಿಟ್ಟೆ. ಬರೆದಾಗಿದೆ, ಇನ್ನು ಹೊಡೆದು ಹಾಕುವುದಿಲ್ಲ. ನೀನು ನನ್ನ ಮಗನಿಗಿಂತ ಒಂದು ವರ್ಷಕ್ಕಷ್ಟೇ ದೊಡ್ಡವಳು.

ನಲವತ್ತು ವರ್ಷ ಬಟ್ಟೆಯನ್ನು ಬೆರಳಲ್ಲಿ ಉಜ್ಜಿ ಆರಿಸಿದವಳು ನಾನು, ಗಂಜಿ ಬಟ್ಟೆಗೆ ಸೋತೆ. ಇದನ್ನು ಸಂಸೆಯಲ್ಲಿ ಯಾರಿಗೂ ಹೇಳಿಲ್ಲ, ನೀನೂ ಆಲ್ದೂರಿನಲ್ಲಿ ಹೇಳಬೇಡ. ಮೈದಾದ ಬುದ್ಧಿ ನನಗೆ ಯಾಕೆ ಹೊಳೆಯಲಿಲ್ಲ ಅಂತ ಹೊಟ್ಟೆಕಿಚ್ಚು ಆಗುತ್ತಿದೆ.

ಈ ಕಾಗದದ ಜೊತೆ ಕತ್ತರಿಸಿದ ಬಟ್ಟೆಯ ಕೊನೆಯ ಗಂಟು ಬರುತ್ತದೆ. ಕಲ್ಲೇಶ ವಾರಕ್ಕೊಮ್ಮೆ ಗೊಣಗುತ್ತಾನೆ. "ಅಜ್ಜಿ, ಇದು ಸರ್ಕಾರಿ ಬಸ್ಸಾ, ನಿಮ್ಮನೆ ಗಾಡಿನಾ? ಲಗೇಜ್ ಟಿಕೆಟ್ ತಗೊಳಿ," ಅಂದ. "ಹೆಂಗಸ್ರಿಗೆ ಫ್ರೀ ಅಲ್ವೇನೋ, ಹೆಂಗಸ್ರ ಗಂಟಿಗೆ ಎಂತ ಟಿಕೆಟ್?" ಅಂದೆ. ಡ್ರೈವರ್ ನಕ್ಕ, ಇವನು ಬಾಯಿ ಮುಚ್ಚಿದ. ಆದರೂ ಟಿಕೆಟ್ ಹರಿದೇ ಕೈಗೆ ಕೊಟ್ಟ, ಪ್ರಾಮಾಣಿಕ.

ಈಗ ಮುಖ್ಯ ವಿಷಯ. ಇರುವೆಗಳು ಮೊಟ್ಟೆ ಹೊತ್ತು ಗೋಡೆ ಹತ್ತುತ್ತಿವೆ. ಈ ಸಲ ಮಳೆ ಕ್ಯಾಲೆಂಡರ್ ನೋಡಿ ಬರುವುದಿಲ್ಲ. ಜೂನ್ ಒಂದು ಅಂತ ನಂಬಿ ಕೂರಬೇಡಿ. ಮಳೆ ಬಿದ್ದ ದಿನವೇ ದೀಪಶ್ರೀಗೆ ಚೀಲ ಬೇಕು, ಉಂಬಳ ನಮ್ಮ ತಾರೀಕು ಕೇಳುವುದಿಲ್ಲ.

ಹುಡುಗಿ ಊಟ ಮಾಡುತ್ತಾಳಾ? ಮೆಷಿನ್ ಮುಂದೆ ಕೂತರೆ ಅವಳಿಗೆ ಹಸಿವೆ ಮರೆಯುತ್ತದೆ. ತುತ್ತು ಮಾಡಿ ಬಾಯಿಗೆ ಇಡು, ನಾನು ಹಾಗೇ ಮಾಡುತ್ತಿದ್ದೆ.

ಜೈತುನ್‌ಬಿ


ಆಲ್ದೂರು
1 ಜೂನ್ 2025

ದಾದಿಗೆ ಸಲಾಮ್.

ಇರುವೆಗಳ ಮಾತು ನಿಜವಾಯಿತು. ಮೇ ಇಪ್ಪತ್ತಮೂರರ ಬೆಳಿಗ್ಗೆ, ಹೆರಿಗೆಗೆ ಬಂದಿದ್ದ ನಾದಿನಿಗೆ ನೋವು ಶುರುವಾಯಿತು, ಹದಿನೈದು ದಿನ ಮೊದಲೇ. ಅತ್ತೆ ಅವಳನ್ನು ಕರೆದುಕೊಂಡು ಚಿಕ್ಕಮಗಳೂರಿಗೆ ಹೋದರು. ಅವರ ಆಟೋ ತಿರುವು ದಾಟುವಷ್ಟರಲ್ಲಿ ಮಳೆ ಹಿಡಿಯಿತು, ಬಿಡಲಿಲ್ಲ. ಮಾರನೆಯ ದಿನ ದೀಪಶ್ರೀ ಅಕ್ಕ ಫೋನ್ ಮಾಡಿ, "ರುಮಾನಾ, ಸೋಮವಾರ ಇಪ್ಪತ್ತು ಜನ ಗುಡ್ಡ ಹತ್ತೋಕೆ ಬರ್ತಿದಾರೆ, ಆಮೇಲೆ ಹಳ್ಳ ತುಂಬಿ ರಸ್ತೆ ಮುಚ್ಚತ್ತೆ, ಎಲ್ಲಾ ಜೊತೆ ನಾಳೆನೇ ಬೇಕು, ಆಗತ್ತಾ ಇಲ್ವಾ ಹೇಳು," ಅಂದರು. ನಲವತ್ತು ಜೊತೆ ಬಾಕಿ ಇತ್ತು.

ಆಗುತ್ತೆ ಅಂದೆ. ಅಂದ ಮೇಲೆ ಮೂರು ಕೆಲಸ ಒಟ್ಟಿಗೆ ನೆನಪಾದವು. ಒಲೆ ನೋಡಲಾ, ಆಸ್ಪತ್ರೆಗೆ ಬುತ್ತಿ ಕಟ್ಟಲಾ, ಮೆಷಿನ್ ತುಳಿಯಲಾ? ಅಡುಗೆಮನೆಗೆ ಓಡಿದರೆ ಮಾವ ಲುಂಗಿ ಎತ್ತಿ ಕಟ್ಟಿ ಅಕ್ಕಿ ತೊಳೆಯುತ್ತಿದ್ದರು. "ನೀ ಹೋಗಮ್ಮ ಕೂತ್ಕೋ. ಅನ್ನ ಸಾರು ನಂಗೂ ಬರತ್ತೆ. ಉಪ್ಪು ಎಲ್ಲಿದೆ ಅಂತ ಮಾತ್ರ ಹೇಳ್ಬಿಟ್ಟು ಹೋಗು," ಅಂದರು. ಮೂವತ್ತು ವರ್ಷ ಅದೇ ಮನೆಯಲ್ಲಿದ್ದಾರೆ ದಾದಿ, ಉಪ್ಪು ಎಲ್ಲಿದೆ ಅಂತ ಗೊತ್ತಿಲ್ಲ!

ಇಲಿಯಾಸ್ ಅಂಗಡಿ ಮುಚ್ಚಿ ಬಂದು ಲಾಡಿ ಏರಿಸಲು ಕೂತರು. ಗ್ರೀಸ್ ಕೈ ಅಂತ ವಸಂತಮ್ಮ ಮೂರು ಸಲ ಸೋಪು ಹಾಕಿಸಿ ತೊಳೆಸಿದರು. ಭಾನುವಾರ ಮಧ್ಯಾಹ್ನ ಕೊನೆಯ ಜೊತೆಯ ದಾರ ಕತ್ತರಿಸುವ ಹೊತ್ತಿಗೆ ಅತ್ತೆಯ ಫೋನ್ ಬಂತು. ಹೆಣ್ಣು ಮಗು. ಇಬ್ಬರೂ ಕ್ಷೇಮ. ಅಂಗಳದಲ್ಲಿ ಎಲ್ಲರೂ ಒಟ್ಟಿಗೆ ಕೂಗಿದ್ದು ಕೇಳಿ ಮಾವ ಒಳಗಿನಿಂದ "ಎಂತ, ಮುನ್ನೂರಾಯ್ತಾ?" ಅಂತ ಕೇಳಿದರು. "ಮುನ್ನೂರೂ ಆಯ್ತು, ಮೊಮ್ಮಗಳೂ ಆಯ್ತು!" ಅಂದೆ. ಸೌಟು ಹಿಡಿದುಕೊಂಡೇ ಹೊರಗೆ ಬಂದು ಅತ್ತುಬಿಟ್ಟರು.

ಟಾರ್ಪಾಲಿನಲ್ಲಿ ಸುತ್ತಿ ಜೀಪಿನಲ್ಲಿ ನಾನು, ಇಲಿಯಾಸ್ ಹೋಂಸ್ಟೇಗೆ ಒಯ್ದೆವು. ದೀಪಶ್ರೀ ಅಕ್ಕ ಹಾಗೇ ಒಪ್ಪಿಕೊಳ್ಳಲಿಲ್ಲ. ಗೈಡ್ ಮಂಜಯ್ಯನವರಿಗೆ ಒಂದು ಜೊತೆ ಹಾಕಿಸಿ ಹಳ್ಳದ ಪಕ್ಕದ ಕಾಡಿನೊಳಗೆ ಅರ್ಧ ಗಂಟೆ ನಿಲ್ಲಿಸಿದರು. ಅವರು ಬಂದ ಮೇಲೆ ಚೀಲ ಬಿಚ್ಚಿ ನೋಡಿದರೆ ಕಾಲಲ್ಲಿ ಒಂದೂ ಇಲ್ಲ. ಕಿವಿಯ ಮೇಲೆ ಒಂದು ಕೂತಿತ್ತು. "ಕಿವಿಗೂ ಒಂದು ಹೊಲಿದುಕೊಡಮ್ಮ," ಅಂದರು.

ಹೋಂಸ್ಟೇಯಿಂದ ನಿಮ್ಮ ಹತ್ತಿರ ಬರಬೇಕು ಅಂತಿತ್ತು. ಹಳ್ಳ ತುಂಬಿ ರಸ್ತೆ ಮುಚ್ಚಿತ್ತು, ವಾಪಸ್ ಬಂದೆವು.

ಮುಂದಿನ ವರ್ಷಕ್ಕೆ ಆರುನೂರು ಜೊತೆ ಬೇಕಂತೆ, ಮಕ್ಕಳ ಅಳತೆಯದೂ ಸೇರಿ. ಹಿರಿಯರನ್ನು ಕೇಳಿ ಹೇಳುತ್ತೇನೆ ಅಂದಿದ್ದೇನೆ. ಈ ತಿಂಗಳು ನಿಮ್ಮ ಕಣ್ಣಿನ ಆಪರೇಷನ್ ಆಗಲೇಬೇಕು ಅಂತ ಅತ್ತೆ ಡಾಕ್ಟರ ಹತ್ತಿರ ದಿನ ಗೊತ್ತು ಮಾಡಿಸಿದ್ದಾರೆ. ಆಮೇಲೆ ನಮ್ಮ ಮನೆಯಲ್ಲೇ ಇರಬೇಕಂತೆ. ಬರುವುದಿಲ್ಲ ಅಂದರೆ ಕಲ್ಲೇಶಣ್ಣನ ತಲೆಯ ಮೇಲೆ ಹೊರಿಸಿ ತರಿಸುತ್ತಾರಂತೆ.

ನಿಮ್ಮ
ರುಮಾನಾ


ಸಂಸೆ
13 ಜುಲೈ 2025

ರುಮಾನಾ,

ಈ ಕಾಗದದ ಗೆರೆ ನೋಡು. ಒಂದು ಅಕ್ಷರವೂ ಮೇಲೆ ಕೆಳಗೆ ಇಲ್ಲ. ನಿಮ್ಮತ್ತೆಗೂ ತೋರಿಸು.

ನಿಮ್ಮ ಮನೆಯಲ್ಲಿದ್ದ ಹನ್ನೆರಡು ದಿನ ಹಾಜಿರಾ ನನ್ನ ಕಣ್ಣಿಗೆ ಹನಿ ಹಾಕುತ್ತಾ ಬೈಯುತ್ತಿದ್ದಳು, ಅಲುಗಬೇಡಿ, ಬಗ್ಗಬೇಡಿ, ಕತ್ತರಿ ಮುಟ್ಟಬೇಡಿ ಅಂತ. ಬೈಗುಳದಲ್ಲಿ ಅವಳಿಗೆ ಇನ್ನೂ ಅಭ್ಯಾಸ ಸಾಲದು, ಆದರೆ ಕೈ ಹಗುರ. ಮಣಿಕಟ್ಟು ತಿರುಗುತ್ತಿದೆ, ನಾನು ಹೊಸ ಕಣ್ಣಲ್ಲಿ ನೋಡಿದ್ದೇನೆ. ನಾದಿನಿಯ ಮಗು ನಿನ್ನ ಮೆಷಿನ್ ಸದ್ದಿಗೆ ಮಲಗುವುದನ್ನೂ ನೋಡಿದೆ.

ನಿನ್ನೆ ದೀಪಶ್ರೀ ಬಂದಿದ್ದಳು. "ಹಿರಿಯರನ್ನ ಕೇಳಿ ಹೇಳ್ತೀನಿ ಅಂದೋಳು ಒಂದೂವರೆ ತಿಂಗಳಿಂದ ಸುಮ್ನಿದಾಳೆ. ಹಿರಿಯರು ಎಂತ ಅಂದ್ರು ಅಜ್ಜಿ?" ಅಂತ ಕೇಳಿದಳು. ಹೂಂ ಅನ್ನುವುದು ನನ್ನ ಬಾಯಿಯ ತುದಿಗೆ ಬಂದಿತ್ತು ನೋಡು. ನುಂಗಿದೆ. ಕಷ್ಟವಾಯಿತು. "ಆ ವ್ಯಾಪಾರ ಅವಳದು, ಅವಳನ್ನೇ ಕೇಳು," ಅಂದೆ.

ಯಾವ ಹಿರಿಯರನ್ನು ಕೇಳಲು ಕಾಯುತ್ತಿದ್ದೀಯ? ಹಾಜಿರಾ ನೀನು ಹೇಳಲಿ ಅಂತ ಕೂತಿದ್ದಾಳೆ. ನಿಮ್ಮ ಮಾವ ಉಪ್ಪಿನ ಜಾಗ ಕಲಿತಿದ್ದಾರೆ, ಇನ್ನು ಬೇಳೆಯ ಜಾಗವನ್ನೂ ಕಲಿಯುತ್ತಾರೆ. ಇಲಿಯಾಸ್ ನಿನ್ನ ಹೊಲಿಗೆಗೆ ಜಾಗ ಆಗಲಿ ಅಂತ ಜಗಲಿಗೆ ತಗಡಿನ ಮಾಡು ಇಳಿಸಲು ಅಳತೆ ಹಿಡಿದಿದ್ದನ್ನು ನಾನೇ ನೋಡಿ ಬಂದೆ. ನಿನ್ನ ಹೂಂ ಒಂದೇ ಬಾಕಿ. ಆಗುವುದಿಲ್ಲ ಅಂದರೂ ಸರಿ, ಆದರೆ ಅದನ್ನು ನೀನು ಹೇಳಬೇಕು.

ಮಾಡುವುದಾದರೆ ನನ್ನದೊಂದು ಅರ್ಜಿ ಇದೆ. ಹೆಸರು ಜೈತುನ್‌ಬಿ. ವಯಸ್ಸು ಅರವತ್ತೊಂಬತ್ತು. ಓದು ನಾಲ್ಕನೇ ಕ್ಲಾಸು. ಕಾಲುಚೀಲ ಕತ್ತರಿಸುವುದರಲ್ಲಿ ನಲವತ್ತು ವರ್ಷದ ಅನುಭವ. ಒಂದು ಕಣ್ಣು ಹೊಸದು, ಇನ್ನೊಂದು ದೀಪಾವಳಿಗೆ ಮೊದಲು ಆಗುತ್ತದೆ. ಬಾಯಿ ಸ್ವಲ್ಪ ಜೋರು, ಅದನ್ನು ಸಹಿಸಬೇಕು. ಆರುನೂರು ಜೊತೆ ಕತ್ತರಿಸುವ ಕೆಲಸ ನನಗೇ ಕೊಡಬೇಕು. ದಾದಿ ಅಂತ ಬಿಟ್ಟಿ ಮಾಡಿಸಿಕೊಳ್ಳಬಾರದು, ಬೇರೆಯವರಿಗೆ ಕೊಡುವಷ್ಟೇ ಕೂಲಿ ಕೊಡಬೇಕು. ಹಾಜಿರಾಳೂ ಬಟ್ಟೆ ಪರೀಕ್ಷೆಯ ಕೆಲಸಕ್ಕೆ ಅರ್ಜಿ ಹಾಕುತ್ತಾಳಂತೆ. ಅವಳು ಏಳನೇ ಕ್ಲಾಸು ಅಂತ ಅವಳಿಗೆ ಹೆಚ್ಚು ಕೊಡಬೇಡ.

ಇಂತಿ ಕೆಲಸ ಕೇಳುವ ಜೈತುನ್‌ಬಿ.

ಫೋನಿನಲ್ಲಿ ಹೇಳಿದರೆ ಒಪ್ಪುವುದಿಲ್ಲ. ನಿನ್ನ ಕೈಬರಹದಲ್ಲಿ, ನಿನ್ನ ಸಹಿ ಹಾಕಿ, ಆಗಸ್ಟ್ ಹುಟ್ಟುವ ಮೊದಲು ಉತ್ತರ ಬರೆ.